ಗಂಧದ ಅಂಚಿನ ಮೌತ್‌ಪೀಸು

ಮೊನ್ನೆ ನಮ್ಮ ಬೀದಿಯ ಡ್ರಿಲ್ ಮೇಷ್ಟ್ರು ಮನೆಗೆ ಬಂದಿದ್ದರು. ಅವರ ಶಾಲೆಗೆ ಯಾರೋ ಪುಣ್ಯಾತ್ಮರು ಹಳೆಯ ಬ್ಯಾಂಡ್ ಸೆಟ್ಟೊಂದನ್ನು ದಾನ ಕೊಟ್ಟಿದ್ದಾರಂತೆ. ಡೋಲಿಗೂ ತಾಳಕ್ಕೂ ಮಕ್ಕಳು ಮುಗಿಬಿದ್ದಿದ್ದಾರೆ. ತೊಡೆಯ ಮೇಲೆ ಕೂರಿಸಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ ಇರುತ್ತದಲ್ಲ, ಯುಫೋನಿಯಂ, ಅದು ಮಾತ್ರ ಮೂಲೆಯಲ್ಲಿ ಕೂತಿದೆ. ಅದಕ್ಕೆ ಮೌತ್‌ಪೀಸೇ ಇಲ್ಲ. ಅಂದರೆ ಊದುವವನು ತುಟಿಗೆ ಹಿಡಿದುಕೊಳ್ಳುವ ಸಣ್ಣ ಬಟ್ಟಲಿನಂಥ ತುಂಡು. "ನಿಮ್ಮನೆಯವರು ಊದ್ತಿದ್ರಂತಲ್ಲ ಅಮ್ಮಾ, ಕಲಿಯೋ ಮಕ್ಕಳಿಗೆ ಎಂಥದ್ದು ಒಳ್ಳೇದು?" ಎಂದು ಮೇಷ್ಟ್ರು ಕೇಳಿದರು.

ಸಾಗರಕ್ಕೆ ಸೊಸೆಯಾಗಿ ಬಂದ ಮೇಲೆ ಜನ ನನ್ನನ್ನು ಕೇಳಿದ್ದೆಲ್ಲ ಅಪ್ಪೆಮಿಡಿ ಎಷ್ಟು ದಿನ ಉಪ್ಪಿನಲ್ಲಿರಬೇಕು, ಬಾಣಂತಿಗೆ ಯಾವ ಸೊಪ್ಪು ಆಗುತ್ತದೆ ಎಂಬಂಥ ಪ್ರಶ್ನೆಗಳನ್ನೇ. ಮೌತ್‌ಪೀಸಿನ ವಿಷಯ ಕೇಳಿದವರು ಇವರೊಬ್ಬರೇ. ಬಿಡುತ್ತೇನೆಯೇ? ಅವರ ಕಾಫಿ ಆರಿ ಕೆನೆ ಕಟ್ಟುವ ತನಕ ಕೂರಿಸಿಕೊಂಡು ಹೇಳಿದೆ. ಬಟ್ಟಲು ತೀರಾ ದೊಡ್ಡದಾದರೆ ಮಕ್ಕಳ ಉಸಿರು ಸಾಲುವುದಿಲ್ಲ, ತಲೆ ಸುತ್ತು ಬರುತ್ತದೆ. ತೀರಾ ಚಿಕ್ಕದಾದರೆ ಸ್ವರ ಮೂಗಿನಲ್ಲಿ ಮಾತಾಡಿದ ಹಾಗೆ ಕೇಳುತ್ತದೆ. ನಡುವಿನದು ತರಿಸಿ. ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, ದುಂಡಗಿರಬೇಕು, ಚೂಪಾಗಿರಬಾರದು. ಬುಡದಲ್ಲೂ ಸಣ್ಣದು, ದಪ್ಪದು ಎಂದಿವೆ, ವಾದ್ಯವನ್ನೇ ಅಂಗಡಿಗೆ ಒಯ್ದು ಕೂರಿಸಿ ನೋಡಿ. ಬೆಳ್ಳಿಯ ಲೇಪ ಎದ್ದುಹೋದದ್ದು ಬೇಡ, ಬರೀ ಹಿತ್ತಾಳೆ ಕೆಲವರ ತುಟಿಗೆ ಒಗ್ಗುವುದಿಲ್ಲ. ಒಂದು ಸಲ ಕೊಟ್ಟ ಮೇಲೆ ಆಗಾಗ ಬದಲಾಯಿಸಲೂಬೇಡಿ. ಇಷ್ಟೆಲ್ಲ ಹೇಳಿ ಕೊನೆಗೆ, ಇದಕ್ಕೆಲ್ಲ ಮೊದಲು ಕಲಿಯುವವರ ಬಾಯಿ ತೆರೆಸಿ ಒಳಗೆ ಟಾರ್ಚ್ ಬಿಟ್ಟು ನೋಡಿ ಎಂದೆ. ಹಲ್ಲಿನ ವಿಷಯ ಇರಬೇಕೆಂದುಕೊಂಡು ಮೇಷ್ಟ್ರು ತಲೆಯಾಡಿಸಿ ಹೋದರು. ನಾನು ಲೋಟ ಎತ್ತಿಡಲಿಕ್ಕೂ ಏಳದೆ ಅಲ್ಲೇ ಕೂತೆ.

ಇವಳೇನು ದೊಡ್ಡ ಊದಿದವಳೇ ಎಂದು ನೀವು ಕೇಳಬಹುದು. ನಾನು ಜನ್ಮದಲ್ಲಿ ಊದಿದ್ದು ಒಲೆಯ ಊದುಕೊಳವೆಯೊಂದನ್ನೇ. ಇಲ್ಲ, ಸುಳ್ಳಾಯಿತು. ತೀರ್ಥಹಳ್ಳಿಯಲ್ಲಿ ಲಂಗ ಹಾಕಿಕೊಂಡು ತಿರುಗುತ್ತಿದ್ದ ಕಾಲದಲ್ಲಿ ಪಪ್ಪಾಯಿ ಎಲೆಯ ದಂಟು ಕೊಯ್ದು ಪೀಪಿ ಮಾಡಿಕೊಳ್ಳುತ್ತಿದ್ದೆ. ದಂಟು ಆರಿಸುವುದರಲ್ಲೇ ಇರುವುದು ಅದರ ಗುಟ್ಟು. ಎಳೆಯದು ತುಟಿಗೆ ಸಿಕ್ಕಿ ಜಜ್ಜಿಹೋಗುತ್ತದೆ, ಬಲಿತದ್ದು ಸ್ವರ ಬಿಡುವುದಿಲ್ಲ. ಹಾಲು ಪೂರ್ತಿ ಸೋರಿಸದೆ ಬಾಯಿಗಿಟ್ಟರೆ ಕತೆ ಮುಗಿಯಿತು. ಅವಸರದ ಹುಡುಗಿ ನಾನು, ಹಾಗೇ ಇಟ್ಟುಕೊಂಡೆ. ತುಟಿ ಬಾತು ಹಲಸಿನ ತೊಳೆಯ ಹಾಗಾಯಿತು. ತುಂಗೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ನನ್ನ ಮೂತಿ ನೋಡಿ ಒಗೆಯುವುದನ್ನೇ ಬಿಟ್ಟು ನಕ್ಕರು. ಅಮ್ಮ ಮಾತ್ರ ನಗಲಿಲ್ಲ. ಹಾಲಿನ ಕೆನೆ ಹಚ್ಚಿ, ಉಷ್ಣ ಆಗಿದೆ ಎಂದಳು.

ನಮ್ಮ ಕಡೆ ಬಾಯಿಗೆ ಏನೇ ಬಂದರೂ ಅದು ಉಷ್ಣವೇ. ತುಟಿ ಒಡೆದರೆ ಉಷ್ಣ, ನಾಲಿಗೆಯಲ್ಲಿ ಗುಳ್ಳೆ ಎದ್ದರೆ ಉಷ್ಣ, ಪಪ್ಪಾಯಿ ಹಾಲು ತಾಗಿದರೂ ಉಷ್ಣ. ಮಜ್ಜಿಗೆ ಕುಡಿ, ಒಂದೆಲಗದ ತಂಬುಳಿ ಉಣ್ಣು, ನೆತ್ತಿಗೆ ಹರಳೆಣ್ಣೆ ಇಡು ಎಂದರೆ ಔಷಧಿಯೂ ಮುಗಿಯಿತು. ಹೆಚ್ಚಿನ ಸಲ ಅದರಿಂದ ಗುಣವೂ ಆಗುತ್ತದೆ, ಅದೇ ತೊಂದರೆ. ಆ ಒಂದು ಮಾತನ್ನು ನಂಬಿಕೊಂಡು ನಮ್ಮ ಮನೆ ಹಾಳಾಯಿತು.

ನಮ್ಮನೆಯವರದು ಗಂಧದ ಕೆತ್ತನೆ ಕೆಲಸ. ಬೆಳಗ್ಗೆ ತಿಂಡಿಯಾದ ಮೇಲೆ ಜಗಲಿಯಲ್ಲಿ ಕೂತರೆ ಊಟಕ್ಕೆ ಕೂಗಿದಾಗಲೇ ಏಳುವುದು. ಎರಡು ಪಾದದ ನಡುವೆ ಕೊರಡು, ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಕೊಡತಿ. ಮೈಯಲ್ಲಿ ಬಿಡುವಾಗಿ ಉಳಿಯುವುದು ಬಾಯಿ ಒಂದೇ. ಆ ಬಾಯಿಗೆ ಕವಳ. ಎಲೆ, ಅಡಿಕೆ, ಸುಣ್ಣ, ಮೇಲೊಂದು ಚೂರು ಹೊಗೆಸೊಪ್ಪು. ಅಗಿದು ಎಡಗೆನ್ನೆಗೆ ಒತ್ತರಿಸಿಟ್ಟುಕೊಂಡರೆ ಗಣಪತಿಯ ಸೊಂಡಿಲು ಮುಗಿಯುವ ತನಕ ಅದು ಅಲ್ಲೇ. ಹೊಸದರಲ್ಲಿ ನನಗದು ತಿಳಿಯದೆ, ಪಾಪ, ಹಲ್ಲುನೋವಿನಿಂದ ಕೆನ್ನೆ ಊದಿದೆ ಎಂದುಕೊಂಡು ಅತ್ತೆಯ ಹತ್ತಿರ ಲವಂಗ ಕೇಳಿದ್ದೆ. ಅತ್ತೆ ತಮ್ಮ ಬಾಯಿಯ ಕವಳ ಉಗಿದು ಬಂದು ನಕ್ಕರು. ಆ ನಗೆಯನ್ನು ಬೀದಿಗೆಲ್ಲ ಹಂಚಿಯೂ ಬಂದರು. ಅವರ ಮನೆಯಲ್ಲಿ ಕವಳ ಹಾಕದೆ ಇದ್ದವಳು ನಾನೊಬ್ಬಳೇ. ಪುಣ್ಯವೆಂದೇನೂ ಅಲ್ಲ, ಹಾಕಿದರೆ ನನಗೆ ಬೆವರು ಬಂದು ತಲೆ ತಿರುಗುತ್ತಿತ್ತು.

ನಮ್ಮ ಹಿತ್ತಲಿನಾಚೆಯ ಕೋಣೆಯಲ್ಲಿ ಬಾಡಿಗೆಗಿದ್ದವರು ಇನಾಸ್ ಮೇಸ್ತ್ರಿ. ಮಿಲಿಟರಿ ಬ್ಯಾಂಡಿನಲ್ಲಿ ಊದಿ ಪೆನ್ಷನ್ ತೆಗೆದುಕೊಂಡು ಬಂದವರು. ಊರಿನ ಟೈಲರು, ಸೈಕಲ್ ಶಾಪಿನವನು, ಬಸ್ ಏಜೆಂಟು ಇಂಥವರನ್ನು ಸೇರಿಸಿ ಮದುವೆ ಬ್ಯಾಂಡು ಕಟ್ಟಿದ್ದರು. ಅವರಲ್ಲಿ ಯುಫೋನಿಯಂ ಊದುತ್ತಿದ್ದವನಿಗೆ ಮಾಸ್ತಿಕಟ್ಟೆಯಲ್ಲಿ ಅಣೆಕಟ್ಟಿನ ಪ್ರಾಜೆಕ್ಟ್ ಕೆಲಸ ಸಿಕ್ಕಿ ಅವನು ಹೊರಟುಹೋದ. ಬೇಲಿಯಾಚೆಯಿಂದ ದಿನಾ ಆ ವಾದ್ಯ ಕೇಳುತ್ತಿದ್ದ ನಮ್ಮನೆಯವರು ಒಂದು ಸಂಜೆ ಉಳಿ ಕೆಳಗಿಟ್ಟು, ನಾನು ಕಲೀಲಾ ಎಂದು ಕೇಳಿ ಬಂದರು. ವಯಸ್ಸು ಮೂವತ್ತು ದಾಟಿತ್ತು. ಹೆಂಡತಿಯನ್ನು ಒಂದು ಮಾತು ಕೇಳಬೇಕೆಂದು ಅನ್ನಿಸಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ಅದು ಅವರಿಗೂ ಗೊತ್ತಿತ್ತು.

ಮೇಸ್ತ್ರಿಯ ಕ್ರಮವೇ ಬೇರೆ. ಹೊಸಬರ ಕೈಗೆ ವಾದ್ಯ ಕೊಡುವುದಿಲ್ಲ, ಬರೀ ಮೌತ್‌ಪೀಸು ಕೊಟ್ಟು ಮನೆಗೆ ಕಳಿಸುತ್ತಾರೆ. ಅದರಲ್ಲಿ ತುಟಿ ನಡುಗಿಸಿ ಪುರ್ರೆನ್ನಿಸುವುದೇ ಪಾಠ. ನಮ್ಮನೆಯವರು ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಶುರುಮಾಡುತ್ತಿದ್ದರು. ಆ ಸದ್ದು ಎಂಥದ್ದೆಂದು ಬಿಡಿಸಿ ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ. ನೆಂಟರು ಬಂದಾಗ ನಾನು ಪಾತ್ರೆ ಕುಕ್ಕಿ ಕುಕ್ಕಿ ಇಟ್ಟು ಸದ್ದು ಮುಚ್ಚಿದ್ದುಂಟು. ಅತ್ತೆಯೂ ಮೊದಲ ದಿನ ಜಗಲಿಗೆ ಇಣುಕಿ, ಇವನಿಗೆ ರಾತ್ರಿ ಅವಲಕ್ಕಿ ಹಾಕಬೇಡ ಮಾರಾಯ್ತಿ ಎಂದಿದ್ದರು.

ಬಾಯಿ ಉರಿಯಲು ಶುರುವಾದದ್ದು ವಾದ್ಯ ಕೈಗೆ ಬಂದ ಮೇಲೆ. ಉರಿ ಎಂದರೆ ಸಾರಿನ ಮೆಣಸಿನ ಖಾರವನ್ನೂ ತಡೆಯಲಾರದ ಉರಿ. ನಾನು ಗೊಣಗಿಕೊಂಡು ಎರಡು ಸಾರು ಮಾಡತೊಡಗಿದೆ, ಮನೆಗೊಂದು, ಅವರಿಗೊಂದು. ಎಡಗೆನ್ನೆಯ ಒಳಗೊಂದು ಹುಣ್ಣಾಗಿತ್ತು. ಮೇಸ್ತ್ರಿಗೆ ಹೇಳಿದಾಗ ಅವರು ಇವರ ತುಟಿಯನ್ನು ಬೆಳಕಿಗೆ ತಿರುಗಿಸಿ ನೋಡಿ, ಬಟ್ಟಲು ಚಿಕ್ಕದಾಯಿತು, ಅದಕ್ಕೇ ಕೆನ್ನೆಗೆ ಜೋರು ಬೀಳುತ್ತದೆ ಎಂದು ದೊಡ್ಡದೊಂದನ್ನು ಕೊಟ್ಟರು. ಅದರ ಅಂಚು ಚೂಪು. ತುಟಿಗೂ ಕೆಂಪಗೆ ಗೆರೆ ಬಿದ್ದಿತು, ಹುಣ್ಣೂ ಹಾಗೇ ಉಳಿಯಿತು. ಅಲ್ಲಿಗೆ ಎಲ್ಲರಿಗೂ ಖಾತ್ರಿಯಾಯಿತು, ತಪ್ಪು ಮೌತ್‌ಪೀಸಿನದ್ದೇ ಎಂದು.

ಈಗ ನೀವೇ ಹೇಳಿ. ಮೌತ್‌ಪೀಸು ಮುಟ್ಟುವುದು ತುಟಿಯ ಹೊರಭಾಗವನ್ನು. ಹುಣ್ಣಿದ್ದದ್ದು ಕೆನ್ನೆಯ ಒಳಗೆ, ಹಿಂದೆ, ದವಡೆಯ ಹತ್ತಿರ. ಅಲ್ಲಿಗೆ ಅದು ಹೋಗುವುದೆಲ್ಲಿಂದ ಬಂತು? ಈ ಸಣ್ಣ ಲೆಕ್ಕ ನಮ್ಮ ಮನೆಯಲ್ಲಿ, ಬೇಲಿಯಾಚೆ, ಬ್ಯಾಂಡಿನ ಜನರಲ್ಲಿ, ಯಾರಿಗೂ ಹೊಳೆಯಲಿಲ್ಲ. ಅತ್ತೆ ಅದಕ್ಕೊಂದು ಅರ್ಥವನ್ನೂ ಹೊಂದಿಸಿದರು. ಹಿತ್ತಾಳೆ ಉಷ್ಣದ ಲೋಹ, ಕೆನ್ನೆ ಉಬ್ಬಿಸಿದಾಗ ಅದರ ಕಾವು ಒಳಗೆ ಇಳಿಯುತ್ತದೆ ಎಂದರು. ಊದುವ ಗಾಳಿ ಬಾಯಿಂದ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲವಲ್ಲ ಎಂದು ನನಗೂ ಹೊಳೆಯಲಿಲ್ಲ. ಒಂದೆಲಗ ರುಬ್ಬುತ್ತ, ಹೌದಿರಬೇಕು ಅಂದುಕೊಂಡೆ. ನನ್ನ ಸಿಟ್ಟೂ ಆ ಹಿತ್ತಾಳೆಯ ಮೇಲೇ ಇತ್ತು.

ಹಿತ್ತಾಳೆ ಉಷ್ಣವಾದರೆ ತಂಪು ಯಾವುದು? ಗಂಧದ ಕೆಲಸದವನ ಮನೆಯಲ್ಲಿ ಇದನ್ನು ಕೇಳಬೇಕೇ? ನಮ್ಮನೆಯವರು ತೇದು ಉಳಿದ ಗಂಧದ ಚೂರೊಂದನ್ನು ಹುಡುಕಿ ತೆಗೆದು, ಬಳೆಯ ಹಾಗೆ ಕೆತ್ತಿ, ಹೊಳಪು ಬರಿಸಿ, ಮೌತ್‌ಪೀಸಿನ ಅಂಚಿಗೆ ಕೂರಿಸಿದರು. ಕೂದಲೆಳೆಯ ಸಂದೂ ಇರಲಿಲ್ಲ. ಬ್ಯಾಂಡಿನ ಜನವೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ ಮೂಸಿ ನೋಡಿದರು. ಮೇಸ್ತ್ರಿ ತಮ್ಮ ಸರ್ವಿಸಿನಲ್ಲೇ ಇಂಥದ್ದು ಕಂಡಿಲ್ಲ, ಕಲಿಯುವವರಿಗೆಲ್ಲ ಹೀಗೇ ಮಾಡಿಸಬೇಕು ಎಂದರು. ನಿಜ ಹೇಳಬೇಕೆಂದರೆ ಆ ದಿನ ನನಗೂ ಹೆಮ್ಮೆಯಾಯಿತು, ಗಂಡನ ಕೈಕೆಲಸದ ವಿಷಯ ನಾಲ್ಕು ಜನ ಮಾತಾಡಿದರೆ ಯಾರಿಗೆ ಬೇಡ?

ಅದರ ಮೇಲೆ ಉರಿ ಕಡಿಮೆಯಾಯಿತು. ಹುಣ್ಣು ಇತ್ತು, ಉರಿ ಇರಲಿಲ್ಲ. ಆ ಜಾಗ ಜಡ್ಡುಗಟ್ಟುತ್ತ ಬಂದದ್ದರಿಂದ ಹಾಗೆ ಆಗಿದ್ದಿರಬೇಕು ಎಂದು ಈಗ ಅನ್ನಿಸುತ್ತದೆ. ಆಗ ನಾವೆಲ್ಲ ಗಂಧದ ತಂಪು ಎಂದೆವು.

ಆ ಚಳಿಗಾಲ ಹೊಸನಗರದಲ್ಲೊಂದು ಮದುವೆ. ಹುಡುಗಿ ನನ್ನ ದೊಡ್ಡಪ್ಪನ ಮಗಳ ನಾದಿನಿ, ಹಾಗಾಗಿ ನನಗೂ ಕರೆಯಿತ್ತು, ಬ್ಯಾಂಡು ಇವರದ್ದೇ. ನಾನು ಹೆಂಗಸರ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಹೊರಗಿನಿಂದ ಆ ಸ್ವರ ಬಂತು. ಉಳಿದ ತುತ್ತೂರಿಗಳು ಮೇಲೆ ಕಿರುಚಾಡುತ್ತಿದ್ದರೆ ಇದೊಂದು ಕೆಳಗಿನಿಂದ ಎಲ್ಲವನ್ನೂ ಹೊತ್ತುಕೊಂಡು ನಡೆಯುತ್ತಿತ್ತು. ಮನೆಯಲ್ಲಿ ಪುರ್ರೆನ್ನುತ್ತಿದ್ದ ಮನುಷ್ಯ ಇವರೇ ಏನು ಎಂದು ನನಗೆ ಆಶ್ಚರ್ಯ. ಪಕ್ಕದಲ್ಲಿ ಕೂತವಳು ಯಾರು ಊದುವುದು ಎಂದು ಕೇಳಿದಳು. ನಮ್ಮನೆಯವರು ಎಂದೆ. ಹೊಟ್ಟೆ ತುಂಬಿದ್ದರೂ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಅವಾಂತರವೂ ಆಯಿತೆನ್ನಿ. ಊದಿ ಊದಿ ವಾದ್ಯದೊಳಗೆ ನೀರು ಕೂಡುತ್ತದೆ, ನಡುನಡುವೆ ಕೀಲಿ ಒತ್ತಿ ಅದನ್ನು ಚೆಲ್ಲಬೇಕು. ನಮ್ಮನೆಯವರು ಕೀಲಿ ಒತ್ತಿದರೆ ಕೆಂಪು ನೀರು ಸುರಿಯಿತು, ಅದೂ ಬೀಗರಿಗೆಂದು ಹಾಸಿದ್ದ ಹೊಸ ಜಮಖಾನದ ಮೇಲೆ. ಹುಡುಗಿಯ ಅಪ್ಪ ಶುಭಕಾರ್ಯದಲ್ಲಿ ರಕ್ತ ಎಂದು ಹೌಹಾರಿದರು. ಕವಳ ಎಂದು ತಿಳಿದ ಮೇಲೆ ಎಲ್ಲರೂ ನಕ್ಕು ಹಗುರಾದರು, ಬೀಗರೇ ಎದ್ದು ಬಂದು ಇವರಿಗೆ ಹೊಸ ಕವಳ ಮಡಿಸಿ ಕೊಟ್ಟರು. ಆ ನೀರಿನಲ್ಲಿ ಕವಳ ಎಷ್ಟಿತ್ತು, ರಕ್ತ ಎಷ್ಟಿತ್ತು ಎಂದು ಈಗ ಯಾರನ್ನು ಕೇಳಲಿ?

ಬೇಸಿಗೆ ಮುಗಿಯುವ ಹೊತ್ತಿಗೆ ಬಾಯಿ ತೆರೆಯುವುದು ಕಷ್ಟವಾಯಿತು. ಇಡ್ಲಿಯನ್ನು ಚೂರು ಮಾಡಿ ಬೆರಳಿನಿಂದ ಒಳಗೆ ತಳ್ಳಿಕೊಳ್ಳುತ್ತಿದ್ದರು. ಕವಳ ಮಾತ್ರ ಹೇಗೋ ಹೋಗುತ್ತಿತ್ತು. ದವಡೆಯ ಕೆಳಗೆ ಒಂದು ಗಂಟು ಕಾಣಿಸಿಕೊಂಡಿತು. ನಮ್ಮನೆಯವರು ಇನ್ನೂ ಸ್ವಲ್ಪ ಚಪ್ಪಟೆ ಅಂಚು ಕೆತ್ತಿದರೆ ಸರಿಹೋಗುತ್ತದೆ ಎಂದು ಮತ್ತೊಂದು ಬಳೆಗೆ ಕೈಹಾಕಿದ್ದರು. ಆ ದಿನ ಮೇಸ್ತ್ರಿ ಬೇಲಿ ದಾಟಿ ಬಂದು ಜಗಲಿಯಲ್ಲಿ ಇವರ ಎದುರು ಕುಕ್ಕರುಗಾಲಲ್ಲಿ ಕೂತರು. ಬಾಯಿ ತೆಗಿ ಎಂದರು. ಇವರು ತೆರೆದದ್ದು ಮೌತ್‌ಪೀಸಿನ ಬುಡ ಹೋಗುವಷ್ಟೂ ಇರಲಿಲ್ಲ. ಮೇಸ್ತ್ರಿ ನನ್ನ ಕೈಯಿಂದ ಟಾರ್ಚ್ ಇಸಿದುಕೊಂಡು ಸಂದಿನಲ್ಲಿ ಬಿಟ್ಟು ಬಹಳ ಹೊತ್ತು ನೋಡಿದರು.

"ಇಷ್ಟು ದಿನ ನಾನು ತುಟಿ ನೋಡಿದೆ, ತಂಗೀ. ಒಳಗೆ ನೋಡ್ಲೇ ಇಲ್ಲ," ಎಂದು ನನ್ನ ಕಡೆ ತಿರುಗಿದರು. ಬೆಳಗ್ಗೆ ಮೊದಲ ಬಸ್ಸಿಗೆ ಮಣಿಪಾಲಕ್ಕೆ ಹೊರಡಿ, ನಾನೂ ಬರುತ್ತೇನೆ ಎಂದರು.

ಹುಲಿಕಲ್ ಘಾಟಿಯ ದಾರಿಯಲ್ಲಿ ನಮ್ಮನೆಯವರು ಕಿಟಕಿಯ ಕಡೆ ಕೂತು, ಟವೆಲನ್ನು ಕೆನ್ನೆಗೆ ಒತ್ತಿ ಹಿಡಿದಿದ್ದರು. ಮಾಸ್ತಿಕಟ್ಟೆಯಲ್ಲಿ ಬಸ್ಸು ನಿಂತಾಗ ಹಳೆಯ ಯುಫೋನಿಯಂನವನು ಸಿಗುತ್ತಾನೇನೋ ಎಂದು ಇಣುಕಿ ನೋಡಿದರು. ಅವನು ಯಾವ ಅಂಚಿನದ್ದು ಊದುತ್ತಿದ್ದ ಎಂದು ಕೇಳಬೇಕಿತ್ತಂತೆ. ಮೇಸ್ತ್ರಿ ಬಸ್ಸಿನ ಇನ್ನೊಂದು ಕಡೆ ನೋಡಿದರು.

ಆಸ್ಪತ್ರೆಯಲ್ಲಿ ನೋಡಿದ್ದು ಹೆಣ್ಣು ಡಾಕ್ಟರು, ನನಗಿಂತ ಚಿಕ್ಕವರು. ನಮ್ಮನೆಯವರು ಮೌತ್‌ಪೀಸನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು ಕತೆಯೆಲ್ಲ ಹೇಳತೊಡಗಿದರು, ಮೊದಲು ಚಿಕ್ಕದು, ಆಮೇಲೆ ದೊಡ್ಡದು, ಆಮೇಲೆ ಗಂಧದ್ದು ಎಂದು. ಆ ಡಾಕ್ಟರು ಒಳ್ಳೆಯವರು, ಪೂರ್ತಿ ಕೇಳಿದರು. ಅದನ್ನು ಕೈಗೆತ್ತಿಕೊಂಡು ಚೆನ್ನಾಗಿದೆ ಎಂದೂ ಹೇಳಿದರು. ಆಮೇಲೆ ಕೇಳಿದ್ದು ಒಂದೇ ಮಾತು.

"ಕವಳ ಯಾವ ಬದಿಯಲ್ಲಿ ಇಟ್ಕೊಳ್ತೀರಿ?"

ನಮ್ಮನೆಯವರ ಬೆರಳು ಮೇಲೆದ್ದು ಎಡಗೆನ್ನೆಯ ಗಂಟಿನ ಮೇಲೆ ಹೋಗಿ ನಿಂತಿತು. ಅಲ್ಲೇ ಇಟ್ಟುಕೊಂಡು ಕೂತರು. ಅವರು ಹೆಡ್ಡರಲ್ಲ. ಡಾಕ್ಟರು ಮುಂದೆ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ದವಡೆಯ ಒಂದು ಪಾಲನ್ನೇ ತೆಗೆಯಬೇಕಾಗುತ್ತದೆ ಎಂದಾಗ ಮಾತ್ರ, ಆಮೇಲೆ ಊದಕ್ಕೆ ಆಗುತ್ತದೆಯೇ ಎಂದು ಕೇಳಿದರು. ಮೊದಲು ನೀವು ಉಣ್ಣುವ ಹಾಗೆ ಆಗಲಿ ಎಂದರು ಡಾಕ್ಟರು. ಅದು ಯಾವ ಉತ್ತರ ಎಂದು ಮೂರು ಜನಕ್ಕೂ ಅರ್ಥವಾಯಿತು.

ಮುಂದಿನ ವರ್ಷದ ಆಷಾಢದಲ್ಲಿ ಅವರು ತೀರಿಕೊಂಡರು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲಾರೆ. ಬಂದವರೆಲ್ಲ ಜಗಲಿಯಲ್ಲಿ ಕೂತು ಆ ಹಿತ್ತಾಳೆಯನ್ನೇ ಬೈದರು. ಗಾಳಿ ವಾದ್ಯ ಎಲ್ಲರ ಮೈಗೂ ಆಗುವುದಿಲ್ಲ, ಮೊದಲೇ ಸರಿಯಾದ ಮೌತ್‌ಪೀಸು ಸಿಕ್ಕಿದ್ದರೆ ಉಳಿಯುತ್ತಿದ್ದ ಎಂದರು. ಹೇಳಿದವರ ಬಾಯಿಯೆಲ್ಲ ಕೆಂಪು. ನಾನು ಕವಳದಿಂದ ಬಂತಂತೆ ಎಂದರೆ, ನಮ್ಮಜ್ಜ ಎಂಬತ್ತರ ತನಕ ಹಾಕಿದ್ದ ಮಾರಾಯ್ತಿ ಎಂದು ಒಬ್ಬರು ಬಾಯಿ ಮುಚ್ಚಿಸಿದರು. ಅಡಿಕೆಯಿಂದಲೇ ಮಕ್ಕಳ ಮದುವೆ, ಮುಂಜಿ, ಮನೆಯ ಮಾಡು ಎಲ್ಲ ನಡೆಯುವ ಸೀಮೆಯಲ್ಲಿ ಅಡಿಕೆಯನ್ನು ದೂರಿ ಯಾರು ಬಾಳುತ್ತಾರೆ? ನನಗೆ ಅತ್ತೆಯ ಮೇಲೆ ಸಿಟ್ಟು ಬಂತು, ಮೇಸ್ತ್ರಿಯ ಮೇಲೆ ಬಂತು, ತೀರಿಹೋದ ನನ್ನ ಅಮ್ಮನ ಹಾಲಿನ ಕೆನೆಯ ಮೇಲೂ ಬಂತು. ಅತ್ತೆ, ಮಗನ ಹದಿಮೂರನೆಯ ದಿನದ ಕಾರ್ಯ ಕಳೆಯುವ ತನಕ ಕವಳ ಮುಟ್ಟಲಿಲ್ಲ. ಹದಿನಾಲ್ಕನೆಯ ದಿನ ಅಡಿಗೆಮನೆಯ ಹಿಂದೆ ಅಳುತ್ತ ಅಳುತ್ತ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನೋಡಿಯೂ ನೋಡದವಳ ಹಾಗೆ ಒಳಗೆ ಬಂದೆ.

ಆಪರೇಷನ್ನಿಗೂ ಆಷಾಢಕ್ಕೂ ನಡುವೆ ಕೆಲವು ತಿಂಗಳು ಸಿಕ್ಕವು. ಎಡಗಡೆಯ ಮುಖ ಕುಸಿದಿತ್ತು. ಕೆನ್ನೆಯಲ್ಲೊಂದು ತೂತು ಕೂಡಿಕೊಳ್ಳದೆ ಉಳಿದಿತ್ತು, ನೀರು ಕುಡಿದರೆ ಅಲ್ಲಿಂದ ಜಿನುಗುತ್ತಿತ್ತು. ದಿನಾ ತೊಳೆದು ಬಟ್ಟೆ ಕಟ್ಟುತ್ತಿದ್ದವಳು ನಾನೇ. ತುಟಿಗಳು ಬಲಗಡೆ ಮಾತ್ರ ಸೇರುತ್ತಿದ್ದವು, ಮಾತು ನನಗೊಬ್ಬಳಿಗೇ ತಿಳಿಯುತ್ತಿತ್ತು. ಜಗಲಿಗೆ ಹೋಗಿ ಉಳಿ ಹಿಡಿಯುವ ಶಕ್ತಿ ಬಂದ ಮೇಲೆ ಅವರು ಗಣಪತಿಯನ್ನು ಕೆತ್ತಲಿಲ್ಲ. ಮೌತ್‌ಪೀಸು ಕೆತ್ತಿದರು. ಈ ಸಲ ಅಂಚು ಮಾತ್ರವಲ್ಲ, ಇಡಿಯದ್ದೇ ಮರದ್ದು, ಅದೂ ಸೊಟ್ಟ. ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು. ಆಗಾಗ ಬಾಯಿಯ ಬಲಮೂಲೆಗೆ ಹಿಡಿದು ನೋಡುವುದು, ಕೆರೆಯುವುದು, ಮತ್ತೆ ಹಿಡಿಯುವುದು. ಉಳಿದಿರುವ ಬಾಯಿಗೆ ಯಾವುದು ಹೊಂದುತ್ತದೋ ಅದನ್ನು ಹುಡುಕುತ್ತಿದ್ದರು. ನಾನು ಅನ್ನ ಕಲಸಿಕೊಂಡು ಬಂದು ಕಾಯುತ್ತ ನಿಲ್ಲುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತೆ ಮಲಗಿದ್ದರು. ಇವರು ಕೈಸನ್ನೆ ಮಾಡಿ ಕರೆದರು. ಮೇಸ್ತ್ರಿಯ ಕೋಣೆಯಿಂದ ಯುಫೋನಿಯಂ ತಂದು ತೊಡೆಯ ಮೇಲಿಟ್ಟುಕೊಂಡಿದ್ದರು. ಸೊಟ್ಟ ಮೌತ್‌ಪೀಸನ್ನು ಬಾಯಿಯ ಮೂಲೆಗಿಟ್ಟು ಊದಿದರು. ಕೆನ್ನೆಯ ಬಟ್ಟೆ ಎದ್ದು ಬುಸ್ಸೆಂದು ಗಾಳಿ ಹೋಯಿತು. ಮತ್ತೆ ಊದಿದರು, ಮತ್ತೆ ಅದೇ. ಬೇಡ ಬಿಡಿ ಎಂದು ನಾನು ವಾದ್ಯ ತೆಗೆದಿಡಲು ಬಗ್ಗಿದೆ. ಅವರು ನನ್ನ ಕೈ ಹಿಡಿದು, ಅಂಗೈಯನ್ನು ಕೆನ್ನೆಯ ತೂತಿನ ಮೇಲೆ ಇಟ್ಟುಕೊಂಡರು.

"ಒತ್ತು," ಎಂದರು.

ದಿನಾ ಹತ್ತಿಯಿಂದ ಮುಟ್ಟಲೂ ಹೆದರುತ್ತಿದ್ದ ಜಾಗ ಅದು. ಕಣ್ಣು ಮುಚ್ಚಿ ಒತ್ತಿದೆ. ಅವರು ಉಸಿರು ಎಳೆದುಕೊಂಡರು. ಮೊದಲು ಏನೂ ಇಲ್ಲ, ಆಮೇಲೆ ತಗ್ಗಿನ ಒಂದು ಸ್ವರ ಹೊರಟಿತು. ಒರಟಾಗಿತ್ತು, ಆದರೆ ಸ್ವರವೇ. ಅದು ನನ್ನ ಅಂಗೈಯ ಕೆಳಗೆ ನಡುಗುತ್ತಿತ್ತು, ಮೊಳಕೈ ತನಕ ಏರಿ ಬರುತ್ತಿತ್ತು. ಕಣ್ಣು ಬಿಟ್ಟು ನೋಡಿದೆ. ನೋವಿಗೆ ಅವರ ಕಣ್ಣಿಂದ ನೀರು ಸುರಿಯುತ್ತಿತ್ತು. ಕೈ ತೆಗೆದರೆ ನೋವು ನಿಲ್ಲುತ್ತದೆ, ಸ್ವರವೂ ನಿಲ್ಲುತ್ತದೆ. ತೆಗೆಯಬೇಡ ಎಂದು ಅವರು ತಲೆಯಾಡಿಸಿದರು. ನಾನು ಇನ್ನೊಂದು ಕೈಯನ್ನೂ ಅದರ ಮೇಲಿಟ್ಟು ಒತ್ತಿ ಹಿಡಿದೆ.